ಕಾಲರಾ ರೋಗಾಣು ಬಿಡುವ ವಿಷ

ಕೇಳುಗರಿಗೆ ನಮಸ್ಕಾರ.

2023ರ ಆಗಸ್ಟ್‌ನಲ್ಲಿ ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕುಡಿಯುವ ನೀರು ಕೆಟ್ಟು, ವಾಂತಿಭೇದಿಯಾಗಿ ಜನ ಪ್ರಾಣ ಕಳೆದುಕೊಂಡರು. ನಿಮಗೆ ನೆನಪಿರಬಹುದು. ಕೆಟ್ಟ ನೀರಿನಿಂದ ಬರುವ ರೋಗಗಳಲ್ಲಿ ತುಂಬಾ ಬೇಗ ಜೀವ ತೆಗೆಯುವುದು ಕಾಲರಾ. ಅದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಕಾಲರಾ ರೋಗಾಣು ನಮ್ಮ ಜೀವಕೋಶದ ಒಳಗೆ ಹೋಗುವುದೇ ಇಲ್ಲ. ಸಣ್ಣ ಕರುಳಿನ ಒಳಮೈಗೆ ಅಂಟಿಕೊಂಡು ಒಂದು ಪ್ರೋಟೀನನ್ನು ಹೊರಗೆ ಬಿಡುತ್ತದೆ. ಕೇಡು ಮಾಡುವುದು ಅದು. ಇದನ್ನು ತೋರಿಸಿಕೊಟ್ಟವರು ಕಲ್ಕತ್ತೆಯ ಡಾಕ್ಟರ್ ಶಂಭುನಾಥ್ ಡೇ. ರೋಗಾಣು ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಉಳಿಯದಂತೆ ಮಾಡಿ, ಮೊಲದ ಕರುಳಿಗೆ ಹಾಕಿದರು. ಆದರೂ ಕರುಳಲ್ಲಿ ನೀರು ತುಂಬಿಕೊಂಡಿತು! 1959ರಲ್ಲಿ ಇದು ಪ್ರಕಟವಾಯಿತು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲವಲ್ಲ ಅಂತ ನನಗೆ ಬೇಸರ.

ಆ ಪ್ರೋಟೀನಿನಲ್ಲಿ ಎರಡು ಬಗೆಯ ತುಂಡುಗಳಿವೆ. ಐದು ತುಂಡುಗಳು ಜೀವಕೋಶದ ಮೇಲ್ಮೈಯನ್ನು ಹಿಡಿದುಕೊಳ್ಳುತ್ತವೆ. ಆರನೆಯದು ಒಳಗೆ ಸೇರುತ್ತದೆ. ಉಪ್ಪು, ನೀರನ್ನು ಹೊರಬಿಡುವ ಕೆಲಸಕ್ಕೆ ಜೀವಕೋಶದಲ್ಲಿ ಒಂದು ಸ್ವಿಚ್ ಇದೆ ಅಂದುಕೊಳ್ಳಿ. ಈ ತುಂಡು ಅದನ್ನು ಆನ್ ಮಾಡಿ, ಮತ್ತೆ ಆಫ್ ಆಗದಂತೆ ಕೆಡಿಸಿಬಿಡುತ್ತದೆ. ಆಮೇಲೆ ಉಪ್ಪಿನಂಶ ಕರುಳಿಗೆ ಸುರಿಯುತ್ತದೆ, ಅದರ ಹಿಂದೆಯೇ ನೀರು. ರೋಗ ಜೋರಾದರೆ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಗಟ್ಟಿಮುಟ್ಟಾದ ಆಳು ಕೂಡ ಕೆಲವೇ ಗಂಟೆಗಳಲ್ಲಿ ಕುಸಿದುಬೀಳುತ್ತಾನೆ.

ಎಲ್ಲ ರೋಗಾಣುಗಳ ದಾರಿ ಇದೇ ಅಲ್ಲ. ಸಾಲ್ಮೊನೆಲ್ಲಾ ಅನ್ನುವ ಇನ್ನೊಂದು ರೋಗಾಣುವಿಗೆ ಸೂಜಿಯಂಥ ಅಂಗವೇ ಇದೆ. ಅದರಿಂದ ನೇರವಾಗಿ ಜೀವಕೋಶಕ್ಕೆ ಪ್ರೋಟೀನ್ ಚುಚ್ಚುತ್ತದೆ. ಆಗ ಜೀವಕೋಶವೇ ಮೈ ಚಾಚಿ ರೋಗಾಣುವನ್ನು ಒಳಗೆ ಎಳೆದುಕೊಳ್ಳುತ್ತದೆ.

ಮತ್ತೆ ಕಾಲರಾಕ್ಕೆ ಬರೋಣ. ಇಷ್ಟೆಲ್ಲ ಕೆಡಿಸಿದರೂ ಆ ವಿಷ ಒಂದು ದಾರಿಯನ್ನು ಮುಟ್ಟುವುದಿಲ್ಲ. ಗ್ಲೂಕೋಸ್ ಮತ್ತು ಉಪ್ಪು ಜೊತೆಯಾಗಿ ರಕ್ತದ ಕಡೆಗೆ ಹೋಗುವ ದಾರಿ ಅದು. ಅವು ಹೋದರೆ ನೀರೂ ಹೋಗುತ್ತದೆ. ಗ್ಲೂಕೋಸ್, ಉಪ್ಪು ಬೆರೆತ ಓಆರ್‌ಎಸ್ ಪುಡಿಯ ನೀರು ಜೀವ ಉಳಿಸುವುದು ಇದರಿಂದಲೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಇದನ್ನೇ ಕುಡಿಸಿ ಸಾವಿರಾರು ಜನರನ್ನು ಬದುಕಿಸಿದರು.

ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಸುರಿದು, ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು. ಮಗು ವಾಂತಿ ಮಾಡಿತು ಅಂತ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಮತ್ತೆ ಕುಡಿಸಿ. ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.