ಒಂದೇ ನಾಣ್ಯ, ಹತ್ತಾರು ದೇಶ: ಗ್ರೀಸ್ ಸಾಲದ ಲೆಕ್ಕ

ಕೇಳುಗರಿಗೆ ನಮಸ್ಕಾರ.

2010ರಿಂದ ಕೆಲವು ವರ್ಷ ಯುರೋಪಿನ ಸುದ್ದಿ ಅಂದರೆ ಗ್ರೀಸ್ ಸಾಲದ ಸುದ್ದಿ ಎನ್ನುವಂತಾಗಿತ್ತು. ಆಗ ಒಂದು ಮಾತು ಎಲ್ಲ ಕಡೆ ಓಡಾಡಿತು. ಗ್ರೀಕರು ಸೋಮಾರಿಗಳು, ಸಾಲ ಮಾಡಿ ತಿಂದರು. ಜರ್ಮನ್ನರು ಬೆವರು ಸುರಿಸಿ ಉಳಿಸಿದರು. ಈಗ ಅವರ ಸಾಲಕ್ಕೆ ಇವರು ತೆರಬೇಕಾಗಿದೆ. ಇದು ಕೇಳಲು ನೀತಿಕಥೆಯ ಹಾಗಿದೆ, ಅದಕ್ಕೇ ಬೇಗ ಹರಡಿತು. ನಮ್ಮಲ್ಲೂ ಎಷ್ಟೋ ಜನ ಇದನ್ನೇ ನಂಬಿದ್ದಾರೆ.

ಆದರೆ ದುಡಿಮೆಯ ಲೆಕ್ಕ ಬೇರೆಯೇ ಹೇಳುತ್ತದೆ. ಗ್ರೀಸಿನಲ್ಲಿ ಕೆಲಸ ಮಾಡುವವರು ವರ್ಷಕ್ಕೆ ಜರ್ಮನಿಯವರಿಗಿಂತ ನೂರಾರು ಗಂಟೆ ಜಾಸ್ತಿ ದುಡಿಯುತ್ತಾರೆ. ಹಾಗಾದರೆ ತಪ್ಪಿದ್ದು ಎಲ್ಲಿ? ಇವತ್ತು ಅದನ್ನು ನೋಡೋಣ. ಅರ್ಥಶಾಸ್ತ್ರದ ಪಾಠ ಓದಿರಬೇಕಾಗಿಲ್ಲ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಯೂರೋ ಹುಟ್ಟಿದ ಬಗೆ. 1992ರಲ್ಲಿ ಯುರೋಪಿನ ದೇಶಗಳು ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಹಾಕಿದವು. ಎಲ್ಲರಿಗೂ ಒಂದೇ ನಾಣ್ಯ ಇರಲಿ ಎಂದು ತೀರ್ಮಾನವಾಯಿತು. ಅದಕ್ಕೆ ಷರತ್ತುಗಳೂ ಇದ್ದವು. ಸರ್ಕಾರದ ವರ್ಷದ ಕೊರತೆ, ಅಂದರೆ ಆದಾಯ ಮೀರಿದ ಖರ್ಚು, ದೇಶದ ಒಟ್ಟು ಉತ್ಪನ್ನದ, ಅಂದರೆ ಜಿಡಿಪಿಯ, ಶೇಕಡಾ 3 ಮೀರಬಾರದು. ಒಟ್ಟು ಸಾಲ ಶೇಕಡಾ 60 ಮೀರಬಾರದು. 1999ರಲ್ಲಿ 11 ದೇಶಗಳು ಯೂರೋಗೆ ಸೇರಿದವು. ಗ್ರೀಸ್ 2001ರಲ್ಲಿ ಸೇರಿತು. 2002ರ ಜನವರಿ 1ರಂದು ನೋಟು, ನಾಣ್ಯ ಜನರ ಕೈಗೆ ಬಂದವು. ಗ್ರೀಕರು 340.75 ಡ್ರಾಕ್ಮಾಗೆ ಒಂದು ಯೂರೋ ಲೆಕ್ಕದಲ್ಲಿ ತಮ್ಮ ಹಳೆಯ ನಾಣ್ಯವನ್ನು ಬಿಟ್ಟುಕೊಟ್ಟರು.

ಇಲ್ಲಿಂದ ಬಡ್ಡಿಯ ಆಟ ಶುರು. ಡ್ರಾಕ್ಮಾ ಇದ್ದಾಗ ಗ್ರೀಸ್ ಸರ್ಕಾರಕ್ಕೆ ಸಾಲ ಕೊಡುವವರು ಹೆದರುತ್ತಿದ್ದರು. ನಾಳೆ ಆ ನಾಣ್ಯದ ಬೆಲೆ ಇಳಿದರೆ ತಮ್ಮ ಹಣ ಕರಗುತ್ತದೆ ಅಂತ. ಆ ಹೆದರಿಕೆಗೆ ಬೆಲೆಯಾಗಿ ಹೆಚ್ಚು ಬಡ್ಡಿ ಕೇಳುತ್ತಿದ್ದರು. ಯೂರೋ ಬಂದ ಮೇಲೆ ಆ ಹೆದರಿಕೆ ಹೋಯಿತು. ಗ್ರೀಸಿಗೆ ಕೊಟ್ಟರೂ ಒಂದೇ, ಜರ್ಮನಿಗೆ ಕೊಟ್ಟರೂ ಒಂದೇ ಎಂದು ಬ್ಯಾಂಕುಗಳು ಅಂದುಕೊಂಡವು. 2005ರ ಹೊತ್ತಿಗೆ ಎರಡೂ ಸರ್ಕಾರಗಳು ಕೊಡುತ್ತಿದ್ದ ಬಡ್ಡಿಯಲ್ಲಿ ಅರ್ಧ ಶೇಕಡಾದಷ್ಟೂ ವ್ಯತ್ಯಾಸ ಇರಲಿಲ್ಲ. ಸಾಲ ಅಗ್ಗವಾದಾಗ ಸಾಲ ಮಾಡುವವರು ಹೆಚ್ಚುತ್ತಾರೆ. ಅದರಲ್ಲಿ ಆಶ್ಚರ್ಯವೇನಿದೆ?

ಸಾಲ ಕೊಟ್ಟವರು ಯಾರು? ಬಹಳಷ್ಟು ಫ್ರಾನ್ಸ್, ಜರ್ಮನಿಯ ಬ್ಯಾಂಕುಗಳು. ಜರ್ಮನಿಯಲ್ಲಿ ಅಷ್ಟು ಹಣ ಹೇಗೆ ಉಳಿಯಿತು? 2003ರಿಂದ ಗೆರ್ಹಾರ್ಡ್ ಶ್ರೋಡರ್ ಸರ್ಕಾರ ಕೆಲಸದ ನಿಯಮಗಳನ್ನು ಸಡಿಲಿಸಿ, ನಿರುದ್ಯೋಗ ಭತ್ಯೆಯನ್ನು ಬಿಗಿ ಮಾಡಿತು. ಆ ವರ್ಷಗಳಲ್ಲಿ ಜರ್ಮನ್ ಕೆಲಸಗಾರರ ಕೂಲಿ ಹೆಚ್ಚು ಏರಲೇ ಇಲ್ಲ. ಕೂಲಿ ಏರದಿದ್ದರೆ ಸರಕು ತಯಾರಿಸುವ ಖರ್ಚು ಏರುವುದಿಲ್ಲ, ಹೊರಗೆ ಮಾರಾಟ ಹೆಚ್ಚುತ್ತದೆ. ಆದರೆ ಅದೇ ಕೆಲಸಗಾರ ಹೊರದೇಶದ ಸರಕು ಕೊಳ್ಳುವುದೂ ಕಡಿಮೆಯಾಗುತ್ತದೆ. ರಫ್ತು ಜಾಸ್ತಿ, ಆಮದು ಕಡಿಮೆ. ಉಳಿದ ಹಣ ಬ್ಯಾಂಕಿನಲ್ಲಿ ಸೇರಿತು, ಅಲ್ಲಿಂದ ಸಾಲವಾಗಿ ದಕ್ಷಿಣಕ್ಕೆ ಹರಿಯಿತು. ಆ ಸಾಲದಲ್ಲಿ ಗ್ರೀಕರು ಕಾರು, ಯಂತ್ರ, ಔಷಧ ತರಿಸಿಕೊಂಡರು. ಊರಿನ ಕಿರಾಣಿ ಅಂಗಡಿಯವರು ಉದ್ರಿ ಬರೆದುಕೊಂಡು ಮಾಲು ಕೊಡುತ್ತಾರಲ್ಲ, ಹಾಗೆ. ವ್ಯಾಪಾರ ಭರ್ಜರಿಯಾಗಿ ನಡೆಯುತ್ತದೆ. ಆದರೆ ಪುಸ್ತಕದಲ್ಲಿ ಉದ್ರಿ ಬೆಳೆದಿದ್ದಕ್ಕೆ ಗಿರಾಕಿಯೊಬ್ಬನೇ ಕಾರಣನಲ್ಲ.

ಇದು ವ್ಯಾಪಾರದ ಮೊದಲ ಲೆಕ್ಕ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಹಾಗೆಯೇ ವ್ಯಾಪಾರದಲ್ಲಿ ಒಂದು ದೇಶದ ಕೊರತೆ ಎಂದರೆ ಬೇರೆ ಎಲ್ಲೋ ಒಂದು ದೇಶದ ಮಿಗುತೆ. ಎಲ್ಲ ದೇಶಗಳೂ ಒಟ್ಟಿಗೆ ಕೊಳ್ಳುವುದಕ್ಕಿಂತ ಹೆಚ್ಚು ಮಾರಲು ಸಾಧ್ಯವೇ ಇಲ್ಲ. 2008ರಲ್ಲಿ ಗ್ರೀಸಿನ ಹೊರವ್ಯವಹಾರದ ಕೊರತೆ, ಅಂದರೆ ಹೊರದೇಶಗಳಿಂದ ಗಳಿಸಿದ್ದಕ್ಕಿಂತ ಅವಕ್ಕೆ ಹೆಚ್ಚಾಗಿ ಕೊಟ್ಟ ಹಣ, ಅದರ ಜಿಡಿಪಿಯ ಶೇಕಡಾ 14ನ್ನು ದಾಟಿತ್ತು. ಎಲ್ಲರೂ ಜರ್ಮನಿಯ ಹಾಗೆ ಇರಬೇಕು ಎಂದು ಉಪದೇಶ ಕೊಡುವವರು ಈ ಸಣ್ಣ ಲೆಕ್ಕವನ್ನು ಮರೆಯುತ್ತಾರೆ.

ಗ್ರೀಸಿನದು ಏನೂ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ತೆರಿಗೆ ಕಟ್ಟದವರು ಬಹಳ. ಸರ್ಕಾರಗಳು ಲೆಕ್ಕ ಮುಚ್ಚಿಟ್ಟಿದ್ದೂ ನಿಜ. 2009ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಾಪಂಡ್ರೂ ಸರ್ಕಾರ, ಹಿಂದಿನವರು ತೋರಿಸಿದ್ದಕ್ಕಿಂತ ಬಜೆಟ್ಟಿನ ಕೊರತೆ ತುಂಬಾ ದೊಡ್ಡದು ಎಂದು ಬಹಿರಂಗಪಡಿಸಿತು. ಮತ್ತೆ ಮತ್ತೆ ತಿದ್ದಿದ ಮೇಲೆ ಆ ವರ್ಷದ ಕೊರತೆ ಜಿಡಿಪಿಯ ಶೇಕಡಾ 15 ದಾಟಿತು. ಸಾಲ ಕೊಟ್ಟವರು ಗಾಬರಿಯಾದರು. ಬಡ್ಡಿ ಜಿಗಿಯಿತು. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಸೇರಿ 11,000 ಕೋಟಿ ಯೂರೋ ನೆರವು ಘೋಷಿಸಿದವು. ಸಾಲಕ್ಕೆ ಮೇಲೊಂದು ಸಾಲ.

ಆದರೆ ಐರ್ಲೆಂಡ್, ಸ್ಪೇನ್ ನೋಡಿ. 2007ರಲ್ಲಿ ಈ ಎರಡೂ ದೇಶಗಳ ಸರ್ಕಾರಿ ಸಾಲ ಜರ್ಮನಿಯದಕ್ಕಿಂತ ಕಡಿಮೆ ಇತ್ತು. ಸ್ಪೇನಿನ ಬಜೆಟ್ಟಿನಲ್ಲಿ ಹಣ ಮಿಕ್ಕಿತ್ತು. ಮಾಸ್ಟ್ರಿಕ್ಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರು ಅವರು. ಆದರೂ ಮುಳುಗಿದರು. ಅಲ್ಲಿ ಅಗ್ಗದ ಸಾಲ ಸರ್ಕಾರಕ್ಕಲ್ಲ, ಮನೆ ಕಟ್ಟುವವರಿಗೆ ಹೋಗಿತ್ತು. ಮನೆಗಳ ಬೆಲೆ ಬಿದ್ದಾಗ ಬ್ಯಾಂಕುಗಳು ಬಿದ್ದವು, ಬ್ಯಾಂಕುಗಳ ಹೊರೆ ಸರ್ಕಾರದ ಮೇಲೆ ಬಂತು. ಸೋಮಾರಿತನದ ಕಥೆ ಇಲ್ಲಿ ಹೊಂದುವುದಿಲ್ಲ.

ಇಂಥ ಕಷ್ಟ ಬಂದ ದೇಶ ಸಾಮಾನ್ಯವಾಗಿ ಏನು ಮಾಡುತ್ತದೆ? ಇದು ನಮಗೆ ಗೊತ್ತಿರುವ ವಿಷಯವೇ. 1991ರಲ್ಲಿ ಭಾರತದ ಬಳಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟಿತು. ಜುಲೈ ಮೊದಲ ವಾರದಲ್ಲಿ ಎರಡು ಹಂತದಲ್ಲಿ ರೂಪಾಯಿಯ ಬೆಲೆ ಇಳಿಸಿದರು. ಸುಮಾರು 21 ರೂಪಾಯಿಗೆ ಸಿಗುತ್ತಿದ್ದ ಡಾಲರ್ 26ರ ಹತ್ತಿರಕ್ಕೆ ಬಂತು. ಹೊರಗಿನ ಸರಕು ನಮಗೆ ದುಬಾರಿಯಾಯಿತು, ನಮ್ಮ ಸರಕು ಹೊರಗಿನವರಿಗೆ ಅಗ್ಗವಾಯಿತು. ನೋವು ಇತ್ತು, ಆದರೆ ಅದು ಎಲ್ಲರಿಗೂ ಹಂಚಿಹೋಯಿತು. ಯಾರ ಸಂಬಳದ ಚೀಟಿಯಲ್ಲೂ ಬರೆದ ಅಂಕಿ ಕಡಿಮೆಯಾಗಲಿಲ್ಲ.

ಗ್ರೀಸಿಗೆ ಈ ದಾರಿ ಮುಚ್ಚಿತ್ತು. ಡ್ರಾಕ್ಮಾ ಇದ್ದಿದ್ದರೆ ಅದರ ಬೆಲೆ ತಾನಾಗಿ ಇಳಿಯುತ್ತಿತ್ತು. ಜರ್ಮನಿಯ ಮಾರ್ಕ್ ಇದ್ದಿದ್ದರೆ ಅದರ ಬೆಲೆ ಏರಿ, ಜರ್ಮನ್ ಕಾರು ದುಬಾರಿಯಾಗುತ್ತಿತ್ತು. ವ್ಯಾಪಾರದ ತಕ್ಕಡಿ ನಿಧಾನವಾಗಿ ಸಮಕ್ಕೆ ಬರುತ್ತಿತ್ತು. ಒಂದೇ ನಾಣ್ಯ ಆದಾಗ ಆ ಎರಡು ದೇಶಗಳ ನಡುವೆ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಾಗಿ ಇಳಿಯಬೇಕಾದ್ದು ಕೂಲಿ ಮಾತ್ರ. 2012ರಲ್ಲಿ ಗ್ರೀಸಿನ ಕನಿಷ್ಠ ಕೂಲಿಯನ್ನು ಶೇಕಡಾ 22ರಷ್ಟು ಕಡಿತ ಮಾಡಿದರು. 25 ವರ್ಷದೊಳಗಿನವರಿಗೆ ಶೇಕಡಾ 32. ಪಿಂಚಣಿಯನ್ನು ಮತ್ತೆ ಮತ್ತೆ ಕತ್ತರಿಸಿದರು. 2013ರಲ್ಲಿ ನಿರುದ್ಯೋಗ ಶೇಕಡಾ 27 ದಾಟಿತು. ಯುವಕ ಯುವತಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ಇರಲಿಲ್ಲ. ಓದಿದವರು, ವೈದ್ಯರು, ಎಂಜಿನಿಯರುಗಳು ಜರ್ಮನಿಗೆ, ಬ್ರಿಟನ್ನಿಗೆ ಹೊರಟರು. ಅವರನ್ನು ಓದಿಸಿದ ಖರ್ಚು ಗ್ರೀಸಿನದು.

ಇಷ್ಟೆಲ್ಲ ಮಾಡಿದ್ದು ಸಾಲ ಇಳಿಸಲು. ಇಳಿಯಿತೇ? ಇಲ್ಲಿ ಭಾಗಾಕಾರ ಮಾಡೋಣ. 2009ರಲ್ಲಿ ದೇಶದ ಉತ್ಪನ್ನ 100 ಇದ್ದರೆ ಸಾಲ ಸುಮಾರು 127 ಇತ್ತು. ಮುಂದಿನ ವರ್ಷಗಳಲ್ಲಿ ಉತ್ಪನ್ನ ಕಾಲು ಭಾಗದಷ್ಟು ಕುಸಿಯಿತು. ಅಂದರೆ 100 ಇದ್ದದ್ದು 75. ಒಂದು ಯೂರೋ ಹೊಸ ಸಾಲ ಮಾಡದೇ ಇದ್ದರೂ, 127ನ್ನು 75ರಿಂದ ಭಾಗಿಸಿದರೆ ಸಾಲದ ಪ್ರಮಾಣ ಶೇಕಡಾ 169 ಆಗುತ್ತದೆ. 2012ರಲ್ಲಿ ಖಾಸಗಿಯವರ ಬಳಿ ಇದ್ದ ಬಾಂಡುಗಳ, ಅಂದರೆ ಸರ್ಕಾರದ ಸಾಲಪತ್ರಗಳ, ಮುಖಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮನ್ನಾ ಮಾಡಿದ ಮೇಲೂ, 2014ರಲ್ಲಿ ಅದು ಶೇಕಡಾ 180ರ ಹತ್ತಿರ ಬಂದು ನಿಂತಿತ್ತು. ಎಲ್ಲರೂ ಒಟ್ಟಿಗೆ ಖರ್ಚು ನಿಲ್ಲಿಸಿದರೆ ಎಲ್ಲರ ಆದಾಯವೂ ನಿಲ್ಲುತ್ತದೆ, ಅಲ್ವಾ? ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೇ ಬ್ಲಾಂಷಾರ್ ಕೂಡ ಇದನ್ನೇ ಕಂಡುಕೊಂಡರು. ಒಂದು ಯೂರೋ ಖರ್ಚು ಕಡಿತವಾದರೆ ಉತ್ಪನ್ನ ಅರ್ಧ ಯೂರೋದಷ್ಟು ಕುಗ್ಗುತ್ತದೆ ಎಂದು ಮೊದಲು ಅಂದಾಜು ಮಾಡಿದ್ದರು. ಅದು ನಿಜವಾಗಿ 0.9ರಿಂದ 1.7 ಯೂರೋವರೆಗೆ ಕುಗ್ಗಿತ್ತು ಎಂದು 2012ರಲ್ಲಿ ಐಎಂಎಫ್ ಬರೆಯಿತು. ಅಷ್ಟರಲ್ಲಿ ಕೆಲಸ ಕಳೆದುಕೊಂಡವರು ಕಳೆದುಕೊಂಡಾಗಿತ್ತು.

ನನಗೆ ತುಂಬಾ ನೋವಾಗುವ ವಿಷಯ ಇನ್ನೊಂದಿದೆ. ನೆರವಿನ ಹಣದಲ್ಲಿ ಬಹುಪಾಲು ಹೋಗಿದ್ದು ಹಳೆಯ ಸಾಲ, ಬಡ್ಡಿ ತೀರಿಸಲು ಮತ್ತು ಬ್ಯಾಂಕುಗಳಿಗೆ ಬಂಡವಾಳ ತುಂಬಲು. ಅಥೆನ್ಸಿನ ಆಸ್ಪತ್ರೆಗೋ ಶಾಲೆಗೋ ಬಂದಿದ್ದು ಅಲ್ಪ. ಇತಿಹಾಸದಲ್ಲಿ ಬೇರೆ ಉದಾಹರಣೆ ಇತ್ತು. 1953ರಲ್ಲಿ ಲಂಡನ್ನಿನಲ್ಲಿ ಪಶ್ಚಿಮ ಜರ್ಮನಿಯ ಸಾಲವನ್ನು ಹೆಚ್ಚುಕಡಿಮೆ ಅರ್ಧ ಮನ್ನಾ ಮಾಡಿದರು. ಉಳಿದದ್ದನ್ನು ರಫ್ತಿನಿಂದ ದುಡಿದು ಕೊಡಲು ದೀರ್ಘ ಸಮಯ ಕೊಟ್ಟರು. ಆ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಗ್ರೀಸ್ ಕೂಡ ಒಂದು.

ಹಾಗಾದರೆ ಒಂದೇ ನಾಣ್ಯ ಇಟ್ಟುಕೊಳ್ಳುವುದೇ ತಪ್ಪೇ? ಹಾಗೇನಿಲ್ಲ. ಕರ್ನಾಟಕಕ್ಕೂ ಬಿಹಾರಕ್ಕೂ ಒಂದೇ ರೂಪಾಯಿ. ಬಿಹಾರ ತನ್ನ ರೂಪಾಯಿ ಬೆಲೆ ಇಳಿಸಲಾರದು. ಆದರೆ ನಮ್ಮಲ್ಲಿ ಕೇಂದ್ರದ ಖಜಾನೆ ಒಂದಿದೆ, ತೆರಿಗೆ ಹಂಚುವ ಹಣಕಾಸು ಆಯೋಗ ಇದೆ. ಕೆಲಸ ಹುಡುಕಿ ಬೆಂಗಳೂರಿಗೆ ಬರುವವರಿಗೆ ಯಾವ ತಡೆಯೂ ಇಲ್ಲ. ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು 15ನೇ ಹಣಕಾಸು ಆಯೋಗ ಶೇಕಡಾ 4.713ರಿಂದ 3.647ಕ್ಕೆ ಇಳಿಸಿದಾಗ ನಮಗೆ ಬೇಸರ ಆಗಿತ್ತು, ಅದು ನ್ಯಾಯವಾದ ಬೇಸರ. ಎಷ್ಟು ಹಂಚಬೇಕು ಎಂದು ನಾವು ಜಗಳವಾಡುತ್ತೇವೆ. ಯುರೋಪಿನಲ್ಲಿ ಹಂಚುವ ಏರ್ಪಾಡೇ ಸಣ್ಣದು. ಇಡೀ ಐರೋಪ್ಯ ಒಕ್ಕೂಟದ ಬಜೆಟ್ಟು ಅದರ ಒಟ್ಟು ಆದಾಯದ ಶೇಕಡಾ 1ರ ಆಸುಪಾಸು ಅಷ್ಟೆ.

ಡಾಲರಿನ ಎದುರು ಯೂರೋ ಬೆಲೆಯ ಏರಿಳಿತ ನಮ್ಮ ತನಕ ಬಾರದೆ ಇರಲಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಅದನ್ನು ಹೆಚ್ಚು ಕೊಳ್ಳುವ ದೇಶ ಇಟಲಿ. ಕಾಫಿಯ ಬೆಲೆ ನಿಗದಿಯಾಗುವುದು ಡಾಲರಿನಲ್ಲಿ. 2008ರಲ್ಲಿ ಒಂದು ಯೂರೋಗೆ ಸುಮಾರು 1.6 ಡಾಲರ್ ಸಿಗುತ್ತಿತ್ತು. 2015ರ ಮಾರ್ಚಿನಲ್ಲಿ 1.05ರ ಹತ್ತಿರ. ನ್ಯೂಯಾರ್ಕಿನಲ್ಲಿ ಕಾಫಿಯ ಬೆಲೆ ಬದಲಾಗದೇ ಇದ್ದರೂ ಇಟಲಿಯ ವ್ಯಾಪಾರಿಗೆ ಅದು ಅರ್ಧದಷ್ಟು ದುಬಾರಿಯಾದ ಲೆಕ್ಕ.

ಯೂರೋವನ್ನು ಉಳಿಸಿದ್ದು ಕೊನೆಗೆ ಕೂಲಿ ಕಡಿತವಲ್ಲ. 2012ರ ಜುಲೈ 26ರಂದು ಯುರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಮಾರಿಯೋ ದ್ರಾಗಿ, ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದು ಲಂಡನ್ನಿನಲ್ಲಿ ಹೇಳಿದರು. ನಾಣ್ಯ ಅಚ್ಚು ಹಾಕುವವರೇ ಹಾಗೆ ಹೇಳಿದ ಮೇಲೆ ಸ್ಪೇನ್, ಇಟಲಿಯ ಬಡ್ಡಿ ಇಳಿಯಿತು. ಗ್ರೀಸಿನ ಕಷ್ಟ ಮಾತ್ರ ಮುಂದುವರಿಯಿತು. 2015ರಲ್ಲಿ ಮೂರು ವಾರ ಅಲ್ಲಿ ಬ್ಯಾಂಕುಗಳು ಮುಚ್ಚಿದ್ದವು, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿತ್ತು. ಕೊನೆಯ ನೆರವಿನ ಯೋಜನೆ ಮುಗಿದಿದ್ದು 2018ರ ಆಗಸ್ಟಿನಲ್ಲಿ.

ಅಲ್ಲಿಂದ ಎರಡು ವರ್ಷಕ್ಕೆ ಕೋವಿಡ್ ಬಂತು. ಈ ಬಾರಿ ಒಕ್ಕೂಟದ ದೇಶಗಳು ಒಟ್ಟಾಗಿ ಸಾಲ ಎತ್ತಿ, 75,000 ಕೋಟಿ ಯೂರೋ ನಿಧಿ ಮಾಡಲು ಒಪ್ಪಿದವು. ಹೆಚ್ಚು ಪೆಟ್ಟು ತಿಂದ ದೇಶಗಳಿಗೆ ಹೆಚ್ಚು ಪಾಲು, ಅದರಲ್ಲಿ ದೊಡ್ಡ ಭಾಗ ವಾಪಸು ಕೇಳದ ಹಣ. ಹತ್ತು ವರ್ಷ ಹಿಂದೆ ಇದನ್ನು ಮಾಡಲು ಸಾಧ್ಯವಿಲ್ಲ ಎಂದಿದ್ದವರೇ ಇದಕ್ಕೆ ಸಹಿ ಹಾಕಿದರು. ಆದರೆ ವ್ಯಾಪಾರದ ತಕ್ಕಡಿಯ ಪ್ರಶ್ನೆ ಹಾಗೇ ಇದೆ. ಒಕ್ಕೂಟದ ನಿಯಮದಲ್ಲಿ ಹೊರವ್ಯವಹಾರದ ಕೊರತೆ ಶೇಕಡಾ 4 ದಾಟಿದರೆ ಎಚ್ಚರಿಕೆ, ಮಿಗುತೆಯಾದರೆ ಶೇಕಡಾ 6ರವರೆಗೆ ಸರಿ. ಜರ್ಮನಿ ಆ 6ನ್ನೂ ವರ್ಷಗಟ್ಟಲೆ ಮೀರಿತ್ತು. ಅದಕ್ಕೆ ಯಾರೂ ದಂಡ ಹಾಕಲಿಲ್ಲ.

ನಮಸ್ಕಾರ.