ಗೊಣಬೆ ನೋಡಿ ದನದ ಬೆಲೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆಯ ದನ ಮಲೆನಾಡು ಗಿಡ್ಡ. ನೂರು ಕಿಲೋ ಆಚೀಚೆ ತೂಗುವ ಜೀವ. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ಟರೆ ಹುಲ್ಲು ಬೆಳೆಯುವ ಬ್ಯಾಣ, ಸೊಪ್ಪಿನಬೆಟ್ಟ ಸುತ್ತಿ ಸಂಜೆ ತಾನೇ ಮನೆಗೆ ಬರುತ್ತದೆ. ಮೇದು ಬದುಕುವ ದನವಾದ್ದರಿಂದಲೇ ಮಳೆ ತಪ್ಪಿದ ಪೆಟ್ಟು ಮೊದಲು ಬೀಳುವುದು ಅದಕ್ಕೆ, ಆಮೇಲೆ ಅದರ ಬೆಲೆಗೆ.

2023ನ್ನು ನೆನಪು ಮಾಡಿಕೊಳ್ಳಿ. ಮುಂಗಾರು ತಡವಾಗಿ ಬಂತು. ಆಗಸ್ಟ್ ಅಂತೂ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಬ್ಯಾಣದಲ್ಲಿ ಕರಡದ ಹುಲ್ಲು ಏಳಲೇ ಇಲ್ಲ, ಗದ್ದೆಯ ಹುಲ್ಲೂ ಗಿಡ್ಡ. ಮುಂದಿನ ಮಾರ್ಚ್ ಹೊತ್ತಿಗೆ ನಮ್ಮ ಗೊಣಬೆ, ಅಂದರೆ ಬೈಹುಲ್ಲಿನ ಬಣವೆ, ಬುಡ ಕಂಡಿತು. ಎರಡು ಹಸು ಮಾರಿದೆ. ದೀಪಾವಳಿಯಲ್ಲಿ ಮನೆಗೇ ಬಂದು ಕೇಳಿದ್ದ ಬೆಲೆಯ ಅರ್ಧವೂ ಸಿಗಲಿಲ್ಲ. ಮಾರುವವರು ಊರು ತುಂಬ, ಕೊಳ್ಳುವವನ ಮನೆಯಲ್ಲೂ ಹುಲ್ಲಿಲ್ಲ. ದನದ ಪಕ್ಕೆ ಎದ್ದು ಕಾಣುತ್ತಿತ್ತು, ದಲ್ಲಾಳಿ ಅದನ್ನೇ ತೋರಿಸಿ ಇನ್ನಷ್ಟು ಇಳಿಸಿದ. ಜುಲೈನಲ್ಲಿ ಮಳೆ ಹಿಡಿದು ಬೆಟ್ಟ ಹಸಿರಾದ ಮೇಲೆ ಅಂಥದೇ ಹಸು ಬೇಕೆಂದು ಹೋದೆ, ಕೊಡುವವರೇ ಇಲ್ಲ. ಆ ಎರಡನ್ನು ಕಳಿಸಿದ ದಿನವನ್ನು ಇವತ್ತಿಗೂ ನೆನೆಯುತ್ತೇನೆ.

ಮಳೆ ಹೊತ್ತಲ್ಲದ ಹೊತ್ತಿಗೆ ಬಂದರೂ ಕಷ್ಟವೇ. 2021ರ ನವೆಂಬರಿನಲ್ಲಿ ಕೊಯ್ದ ಭತ್ತ ಗದ್ದೆಯಲ್ಲೇ ನೆನೆಯಿತು. ಹುಲ್ಲು ಕಪ್ಪಾಗಿ ಬೂಷ್ಟು ಹಿಡಿದು, ದನ ಮೂಸಿ ಬಿಟ್ಟವು. ಅದರ ಮೇಲೆ ಗದ್ದೆಗಳೆಲ್ಲ ಅಡಿಕೆ ತೋಟವಾಗುತ್ತಿವೆ. ತೋಟ ದುಡ್ಡು ಕೊಡುತ್ತದೆ ನಿಜ, ಬೈಹುಲ್ಲು ಕೊಡುವುದಿಲ್ಲ.

ಲೆಕ್ಕ ಸರಳ. ದನಕ್ಕೆ ದಿನವೂ ಅದರ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಒಣಮೇವು ಬೇಕು. ಗಿಡ್ಡಕ್ಕೆ ಸುಮಾರು 3 ಕಿಲೋ. ಜನವರಿಯಿಂದ ಮೇ ತನಕ 150 ದಿನಕ್ಕೆ 450 ಕಿಲೋ. ಮುಂಗಾರು 15 ದಿನ ತಡವಾದರೆ ಇನ್ನೂ 45. ಬೆಟ್ಟದಲ್ಲಿ ಸಿಗುವ ಸೊಪ್ಪುಸದೆಯನ್ನು ಇದರಲ್ಲಿ ಕಳೆಯಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ನಾಲ್ಕು ನೂರು ಕಿಲೋ ತೂಗುವ ಮಿಶ್ರತಳಿ ಹಸುವಿಗೆ ಇದರ ನಾಲ್ಕು ಪಟ್ಟು ಬೇಕು.

ನಾನೀಗ ಒಕ್ಕಲಾಟ ಮುಗಿದು ಗೊಣಬೆ ಹಾಕಿದ ವಾರವೇ ಹುಲ್ಲು ಅಳೆಯುತ್ತೇನೆ. ಎಷ್ಟಕ್ಕೆ ಸಾಲದೋ ಅಷ್ಟು ದನವನ್ನು ಸಂಕ್ರಾಂತಿಯೊಳಗೆ, ಮೈ ತುಂಬಿರುವಾಗಲೇ, ಹುಲ್ಲಿರುವ ಮನೆ ನೋಡಿ ಕೊಡುತ್ತೇನೆ. ಗಬ್ಬದ ಹಸುವನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಮಳೆ ಹಿಡಿದ ಮೇಲೆ ಜನ ಕೇಳಿಕೊಂಡು ಬರುವುದು ಅದನ್ನೇ.