ಕಂಪ್ಯೂಟರು ನಿಮ್ಮದು, ಯಜಮಾನಿಕೆ ಯಾರದು?

ಭದ್ರಾವತಿ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಬಳಕೆಯ ಬಗ್ಗೆ ಮಾತಾಡಬೇಕೆಂದು ನಿಲಯದವರು ಕರೆದಾಗ, ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆ ಎಂಬ ಉಪದೇಶವನ್ನು ನನ್ನಿಂದ ನಿರೀಕ್ಷಿಸಿದ್ದರೋ ಏನೋ. ಆ ಉಪದೇಶ ಮಾಡುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ನಾನು ಹೇಳಬೇಕೆಂದಿರುವ ಸಂಗತಿ ಒಂದೇ: ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಾಗಲಿ, ಜೇಬಿನೊಳಗಿನ ಫೋನಾಗಲಿ ನೀವು ಹೇಳಿದಂತೆ ಕೇಳಬೇಕೇ ಹೊರತು, ಅದನ್ನು ಮಾಡಿ ಮಾರಿದವರು ಹೇಳಿದಂತೆ ಕೇಳಬಾರದು.

ಇದರಲ್ಲಿ ಹೊಸದೇನಿದೆ, ದುಡ್ಡು ಕೊಟ್ಟು ತಂದಿದ್ದೇವೆ, ನಮ್ಮ ಮಾತನ್ನೇ ಕೇಳುತ್ತದೆ ಎಂದು ಸಾಗರದಲ್ಲೋ ಸೊರಬದಲ್ಲೋ ಅಂಗಳದಲ್ಲಿ ಅಡಿಕೆ ಹರಡುತ್ತಾ ಈ ಮಾತನ್ನು ಕೇಳುತ್ತಿರುವವರು ಅಂದುಕೊಳ್ಳಬಹುದು. ನಿಮಗೆ ಸೊಪ್ಪಿನ ಬೆಟ್ಟ ಗೊತ್ತು. ಅಲ್ಲಿ ಸೊಪ್ಪು ಕಡಿಯಬಹುದು, ದರಕು ಗುಡಿಸಿ ತರಬಹುದು. ಆದರೆ ನೆಲ ಸರ್ಕಾರದ್ದು, ನಿಮಗಿರುವುದು ಬಳಕೆಯ ಸವಲತ್ತು ಮಾತ್ರ. ನೀವು ಹಣ ಕೊಟ್ಟು ಕೊಂಡೆವೆಂದು ತಿಳಿದಿರುವ ಬಹುಪಾಲು ತಂತ್ರಾಂಶದ, ಅಂದರೆ ಸಾಫ್ಟ್‌ವೇರಿನ, ಸ್ಥಿತಿಯೂ ಅದೇ. ಪುಟಗಟ್ಟಲೆ ಷರತ್ತುಗಳ ಕೆಳಗೆ 'ಒಪ್ಪುತ್ತೇನೆ' ಎಂಬ ಗುಂಡಿಯನ್ನು ಒತ್ತುತ್ತೀರಲ್ಲ, ಆಗ ನಿಮ್ಮ ಕೈಗೆ ಬರುವುದು ಒಡೆತನವಲ್ಲ, ಪರವಾನಗಿ. ಸೊಪ್ಪಿನ ಬೆಟ್ಟಕ್ಕಾದರೂ ನಿಯಮವೆಂದು ಇದೆ, ಕಚೇರಿಯೆಂದು ಇದೆ, ಅರ್ಜಿ ಹಿಡಿದು ಅಲೆಯುವುದಕ್ಕೆ ಒಂದು ದಾರಿಯೆಂದು ಇದೆ. ಇಲ್ಲಿ ಕಂಪನಿಯವರು ಷರತ್ತು ಬದಲಿಸಿದರೆ ಮತ್ತೊಮ್ಮೆ 'ಒಪ್ಪುತ್ತೇನೆ' ಎನ್ನಬೇಕು, ಇಲ್ಲವೇ ಬಿಟ್ಟು ಹೋಗಬೇಕು.

ಇದಕ್ಕೊಂದು ಪರಿಹಾರವನ್ನು ನಲವತ್ತು ವರ್ಷಗಳ ಹಿಂದೆಯೇ ಕಂಡುಕೊಳ್ಳಲಾಗಿದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಹೊಸ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದೋಣವೆಂದರೆ ತಂತ್ರಾಂಶದ ಮೂಲವನ್ನು ಕೊಡುವವರಿಲ್ಲ. ಮೂಲವೆಂದರೆ ಸೋರ್ಸ್ ಕೋಡ್, ಮನುಷ್ಯರು ಓದಿ ತಿದ್ದಬಲ್ಲ ರೂಪದಲ್ಲಿರುವ ಬರವಣಿಗೆ. ಯಂತ್ರಕ್ಕೆ ಬೇಕಾದ ಸೊನ್ನೆ ಮತ್ತು ಒಂದುಗಳಿಗೆ ಇಳಿಸಿದ ಮೇಲೆ ಅದನ್ನು ಓದಿ ತಿದ್ದುವುದು ಹೆಚ್ಚುಕಡಿಮೆ ಅಸಾಧ್ಯ. ಆ ಸಿಟ್ಟಿನಲ್ಲಿ ಬೆಳೆದ ವಿಚಾರದಿಂದ ಸ್ಟಾಲ್‌ಮನ್ 1983ರಲ್ಲಿ 'ಗ್ನೂ' ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸುವ, ಅದರ ಒಳಗನ್ನು ನೋಡಿ ತಿದ್ದುವ, ಪ್ರತಿ ಮಾಡಿ ನೆರೆಯವರಿಗೆ ಕೊಡುವ ಮತ್ತು ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಬಳಕೆದಾರನಿಗೆ ಇರಬೇಕು ಎಂಬುದು ಅವರ ವಾದ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ, ಕಂಪ್ಯೂಟರನ್ನು ನಡೆಸುವ ತಳಹದಿಯ ತಂತ್ರಾಂಶವಾದ ಲಿನಕ್ಸ್ ಬರೆದು ಹೊರತಂದ. ಮುಂದೆ ಅದೂ ಇದೇ ಷರತ್ತಿನ ಮೇಲೆ ಲೋಕಕ್ಕೆಲ್ಲ ಸಿಕ್ಕಿತು. ನಿಮ್ಮ ಆಂಡ್ರಾಯ್ಡ್ ಫೋನಿನ ಹೊಟ್ಟೆಯೊಳಗೆ ಇರುವುದು ಅದೇ ಲಿನಕ್ಸ್. ಒಳಗಿರುವುದು ಎಲ್ಲರ ಸೊತ್ತು, ಮೇಲೆ ಹಾಕಿದ ಬೀಗ ಮಾತ್ರ ಕಂಪನಿಯದ್ದು!

ಈ ಬೀಗದಿಂದ ಏನಾಗುತ್ತದೆ ಎಂಬುದನ್ನು ನಾನೇ ಕಂಡ ಒಂದು ಪ್ರಸಂಗದ ಮೂಲಕ ಹೇಳುತ್ತೇನೆ. ಸ್ವಲ್ಪ ಉದ್ದವಾದರೂ ಕೇಳಬೇಕು.

ನಮ್ಮ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಅಪ್ಪೆಮಿಡಿಯ ಹುಚ್ಚು. ಹೊಳೆದಂಡೆಯ ಕಾಡುಮಾವಿನ ಮರಗಳನ್ನು ಹುಡುಕಿಕೊಂಡು ಹೋಗಿ ಯಾವ ಮರ ಯಾವ ಊರಿನ ಗಡಿಯಲ್ಲಿದೆ, ಮಿಡಿ ಉದ್ದವೋ ದುಂಡೋ, ತೊಟ್ಟು ಮುರಿದರೆ ಸೊನೆ ಎಷ್ಟು ಚಿಮ್ಮುತ್ತದೆ, ಪರಿಮಳ ಜೀರಿಗೆಯದೋ ಕರ್ಪೂರದ್ದೋ, ಉಪ್ಪಿನಲ್ಲಿ ಹಾಕಿಟ್ಟರೆ ಎಷ್ಟು ಮಳೆಗಾಲ ಮೆತ್ತಗಾಗದೆ ಉಳಿಯುತ್ತದೆ ಎಂಬುದನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟಿದ್ದರು. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲದಂಥ ಹೆಸರಾದ ತಳಿಗಳಷ್ಟೇ ಅಲ್ಲದೆ, ಹೆಸರೇ ಇಲ್ಲದ ಎಷ್ಟೋ ಮರಗಳ ವಿವರ ಅದರಲ್ಲಿತ್ತು. ಕಂಪ್ಯೂಟರ್ ಬಂದ ಹೊಸತರಲ್ಲಿ, ಮಗನ ಒತ್ತಾಯಕ್ಕೆ, ನೋಟುಪುಸ್ತಕದಲ್ಲಿದ್ದುದೆಲ್ಲವನ್ನೂ ಅವರು ಒಂದು ಖಾಸಗಿ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದರು. ಅದರ ಹೆಸರು ಇಲ್ಲಿ ಬೇಡ. ಅದರ ಜೊತೆಗೆ ಬೆರಳುದ್ದದ ಒಂದು ಬೀಗವನ್ನು ಕೊಡುತ್ತಿದ್ದರು. ಪ್ರಿಂಟರ್ ಜೋಡಿಸುವ ಹಿಂಬದಿಯ ಕಿಂಡಿಗೆ ಅದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ತೆರೆಯುತ್ತಲೇ ಇರಲಿಲ್ಲ. ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು. ಒಂದು ಬೇಸಿಗೆಯ ಗುಡುಗುಮಳೆಯಲ್ಲಿ ಬಡಿದ ಸಿಡಿಲಿಗೆ ಕಂಪ್ಯೂಟರೂ ಹೋಯಿತು, ಬೀಗವೂ ಹೋಯಿತು. ಉಳಿದದ್ದು ಸಿ.ಡಿ.ಯೊಂದರಲ್ಲಿದ್ದ ಕಡತ. ಅಷ್ಟರಲ್ಲಿ ತಂತ್ರಾಂಶ ಮಾಡಿದವರು ಅಂಗಡಿ ಮುಚ್ಚಿಯಾಗಿತ್ತು. ಹೊಸ ಕಂಪ್ಯೂಟರುಗಳಲ್ಲಿ ಆ ಕಿಂಡಿಯೇ ಮಾಯವಾಗಿತ್ತು.

ಕಡತ ನನ್ನ ಕೈಗೆ ಬಂದಾಗ ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಕಾಣಲಿಲ್ಲ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಟೈಪಿಸಿ ಫಾಂಟ್ ತೆಗೆದುಬಿಟ್ಟರೆ ಕಾಣುವುದು ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಆ ಜೋಡಣೆಯಾದರೂ ಎಲ್ಲರಿಗೂ ತಿಳಿದದ್ದು, ಅದನ್ನು ಪರಿವರ್ತಿಸುವ ಸಲಕರಣೆಗಳು ಬೇಕಾದಷ್ಟಿವೆ. ಮೇಷ್ಟ್ರ ತಂತ್ರಾಂಶದವರು ತಮ್ಮದೇ ಗುಟ್ಟಿನ ಜೋಡಣೆ ಮಾಡಿಕೊಂಡಿದ್ದರು.

ಅದೃಷ್ಟಕ್ಕೆ, ಆ ಬರಹದ ಕೆಲವು ಹಾಳೆಗಳ ಮುದ್ರಿತ ಪ್ರತಿ ಅವರ ನೆಂಟರ ಮನೆಯ ನಾಗಂದಿಗೆಯ ಮೇಲೆ ಸಿಕ್ಕಿತು. ಜಗುಲಿಯಲ್ಲಿ ಕುಳಿತು, ಮೇಷ್ಟ್ರು ಹಾಳೆಯನ್ನು ಅಕ್ಷರ ಅಕ್ಷರವಾಗಿ ಓದುವುದು, ನಾನು ಪರದೆಯ ಮೇಲಿನ ವಿಚಿತ್ರ ಗುರುತುಗಳಿಗೆ ಅದನ್ನು ತಾಳೆ ಹಾಕಿ ಪಟ್ಟಿ ಮಾಡುವುದು, ಹೀಗೆ ಭಾನುವಾರಗಳು ಕಳೆದವು. ಪಟ್ಟಿ ಮುಗಿದ ಮೇಲೆ ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು ಕಡತವನ್ನೆಲ್ಲ ಯೂನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ, ಎಲ್ಲೆಡೆ ಒಪ್ಪಿತವಾದ ಪದ್ಧತಿಗೆ, ತಿರುಗಿಸಿದೆ. ಬಂದ ಮೊದಲ ಸಾಲಿನಲ್ಲೇ ಕರ್ಣಕುಂಡಲವು 'ಕಣರ್‌ಕುಂಡಲ'ವಾಗಿತ್ತು, ತೀರ್ಥಹಳ್ಳಿ 'ತೀಥರ್‌ಹಳ್ಳಿ'ಯಾಗಿತ್ತು. ಮೇಷ್ಟ್ರಿಗೆ ಮರ ಕಡಿದವರ ಮೇಲೂ ಅಷ್ಟು ಸಿಟ್ಟು ಬಂದಿರಲಿಕ್ಕಿಲ್ಲ. ಕಾರಣ ಸರಳ. 'ಕರ್ಣ' ಎನ್ನುವಾಗ ಬಾಯಲ್ಲಿ ಮೊದಲು ಬರುವುದು ರಕಾರ, ಆಮೇಲೆ ಣಕಾರ; ಕಾಗದದ ಮೇಲೆ ಅರ್ಕಾವತ್ತು ಕೂರುವುದು ಮಾತ್ರ ಣಕಾರದ ಬಲಕ್ಕೆ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆದಿಡುತ್ತಿದ್ದವು, ಯೂನಿಕೋಡ್ ಬಾಯಿ ಉಚ್ಚರಿಸುವ ಕ್ರಮದಲ್ಲಿ ಬರೆದಿಡುತ್ತದೆ. ಅಲ್ಲಿಂದ ಇಲ್ಲಿಗೆ ತರುವಾಗ ಪ್ರತಿಯೊಂದು ಅರ್ಕಾವತ್ತನ್ನೂ ಎತ್ತಿ ಹಿಂದಿನ ಜಾಗಕ್ಕೆ ಸರಿಸಬೇಕು. ಅದನ್ನು ಸರಿಪಡಿಸಿದರೆ ಒತ್ತಕ್ಷರದ ಕಾಟ, ಅದು ಮುಗಿದರೆ ದೀರ್ಘದ ಕಾಟ.

ಕೊನೆಗೆ ಎಲ್ಲವೂ ಓದುವಂತಾಯಿತು. ಆ ಪಟ್ಟಿಯಲ್ಲಿನ ಕೆಲವು ಮರಗಳು ಈಗ ಇಲ್ಲ. ಹೊಳೆಯ ದಂಡೆ ಕುಸಿದು ಹೋದವು ಕೆಲವು, ಕಾಯಿ ಕೊಯ್ಯುವ ಆತುರಕ್ಕೆ ಕೊಂಬೆಗಳನ್ನೇ ಕಡಿದು ಸತ್ತವು ಕೆಲವು. ಅವುಗಳ ಬಗ್ಗೆ ಉಳಿದಿರುವುದು ಮೇಷ್ಟ್ರ ಬರವಣಿಗೆಯೊಂದೇ. ಬರೆದವರು ಮೇಷ್ಟ್ರು, ಹಣ ಕೊಟ್ಟವರೂ ಅವರೇ. ಆದರೂ ತಮ್ಮ ಬರಹವನ್ನು ತಾವೇ ಓದಲಾರದ ಸ್ಥಿತಿ ಅವರಿಗೆ ಬಂದಿತ್ತು. ಯಜಮಾನಿಕೆ ಯಾರದು ಎಂದು ನಾನು ಕೇಳುತ್ತಿರುವುದು ಇದಕ್ಕೇ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಹಾಗಿದ್ದೂ ಇವತ್ತಿಗೂ ಶಿವಮೊಗ್ಗದ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟಿನಲ್ಲೇ ಬೆರಳಚ್ಚು ನಡೆಯುವುದನ್ನು ನೋಡಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಸಮಯ ಸರಿಯುತ್ತಿದೆ, ಆಟಗಳ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಆಟ ಆಡುವ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ; ನನ್ನ ಪರಿಚಯದ ಒಳ್ಳೆಯ ಪ್ರೋಗ್ರಾಮರುಗಳಲ್ಲಿ ಹಲವರು ಆಟವನ್ನು ಬಿಚ್ಚಿ ನೋಡುವ ಆಸೆಯಿಂದಲೇ ಈ ವಿದ್ಯೆಗೆ ಬಂದವರು. 1993ರಲ್ಲಿ ಬಂದ 'ಡೂಮ್' ಎಂಬ ಆಟವನ್ನೇ ನೋಡಿ. ಅದನ್ನು ಮಾಡಿದವರು 1997ರಲ್ಲಿ ಅದರ ಮೂಲವನ್ನು ಹೊರಗೆ ಬಿಟ್ಟರು. ಅದರ ಫಲವಾಗಿ ಮೂವತ್ತು ವರ್ಷ ದಾಟಿದ ಆ ಆಟವನ್ನು ಇಂದಿನ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ಆಡಬಹುದು. ಇನ್ನೊಂದು ಕಡೆ, ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದಿ ಕ್ರೂ' ಎಂಬ ಕಾರಿನ ಓಟದ ಆಟವನ್ನು ಮಾರಿತು. ಒಬ್ಬರೇ ಆಡಿದರೂ ಕಂಪನಿಯ ಸರ್ವರಿಗೆ, ಅಂದರೆ ಇಂಟರ್ನೆಟ್ ಮೂಲಕ ಆಟ ನಡೆಸುವ ಅವರ ಕಂಪ್ಯೂಟರಿಗೆ, ಸಂಪರ್ಕ ಇರಲೇಬೇಕಾಗಿತ್ತು. 2024ರ ಮಾರ್ಚ್ ಕೊನೆಗೆ ಸರ್ವರ್ ನಿಲ್ಲಿಸಿದರು. ಪೂರ್ತಿ ಹಣ ತೆತ್ತು ಕೊಂಡವರ ಆಟವೂ ಅಲ್ಲಿಗೆ ನಿಂತಿತು. ಯುರೋಪಿನಲ್ಲಿ ಇದರ ವಿರುದ್ಧದ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದೆ. ನಮ್ಮಲ್ಲಿ ಮಗ ಎಷ್ಟು ಹೊತ್ತು ಆಡಿದ ಎಂದು ಲೆಕ್ಕ ಇಡುತ್ತೇವೆಯೇ ಹೊರತು, ಆಟ ಯಾರ ಕೈಯಲ್ಲಿದೆ ಎಂದು ಕೇಳುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಾನು ಆಟವೆಂದೇ ಪರಿಗಣಿಸುವುದಿಲ್ಲ. ಅದು ಜೂಜು, ಅದನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ್ದೂ ಸರಿಯೇ.

ಇಂಟರ್ನೆಟ್ಟಿನ ಬಗ್ಗೆ ಬಹಳ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಅಪ್ಪೆಮಿಡಿ ಅದನ್ನು ತಿಂದುಹಾಕಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟಿದೆ. ಆ ದಾವೆಯನ್ನು ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು; ಅರ್ಜಿ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು. ಅವರು ಆ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಹಕ್ಕನ್ನು ಗಳಿಸಿಕೊಟ್ಟರೆ, ನಾವು ಟಾರ್ಚ್ ಬೆಳಗಿಸುವ ಒಂದು ಆ್ಯಪ್ ನಮ್ಮ ಫೋನಿನಲ್ಲಿರುವವರ ಹೆಸರು, ನಂಬರು, ನಾವು ಇರುವ ಜಾಗ ಎಲ್ಲವನ್ನೂ ಕೇಳಿದಾಗ ಕಣ್ಣು ಮುಚ್ಚಿ 'ಅನುಮತಿಸು' ಎಂದು ಒತ್ತುತ್ತೇವೆ. ಟಾರ್ಚಿಗೆ ನಿಮ್ಮ ಅಳಿಯನ ನಂಬರು ಯಾಕೆ ಬೇಕು? ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಂಥ ಅನುಮತಿಗಳನ್ನು ಇವತ್ತೇ ಕಿತ್ತುಹಾಕಿ.

ಮಲೆನಾಡಿನವರಿಗೆಂದೇ ಇನ್ನೊಂದು ಮಾತು. ಆಷಾಢದ ಮಳೆ ಹಿಡಿದರೆ ಹೊಸನಗರ, ಆಗುಂಬೆಯ ಕಡೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತುವುದು ನಮಗೇನೂ ಹೊಸದಲ್ಲ. ಬೆಂಗಳೂರಿನಲ್ಲಿ ಕುಳಿತವರು ಎಲ್ಲವನ್ನೂ ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಕಂಪನಿಗಳ ಕಂಪ್ಯೂಟರಿನಲ್ಲಿ, ಇಡಿ ಎಂದು ಸಲಹೆ ಕೊಡುತ್ತಾರೆ. ತೋಟದ ಲೆಕ್ಕವನ್ನು ಮೋಡದಲ್ಲಿಟ್ಟು ಮಳೆಗಾಲದಲ್ಲಿ ಹುಡುಕುವುದು ಯಾರಿಗೆ ಬೇಕು? ಪತ್ರ, ಲೆಕ್ಕ ಬರೆದಿಡುವ ಲಿಬ್ರೆಆಫೀಸ್ ಎಂಬ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಇಂಟರ್ನೆಟ್ ಕೇಳುವುದಿಲ್ಲ, ಪ್ರತಿವರ್ಷ ಚಂದಾ ಕೇಳುವುದಿಲ್ಲ, ಅದರ ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಾಡಿನಲ್ಲೂ ದಾರಿ ನೋಡಬಹುದು. ನಿಮ್ಮ ಊರಿನ ಕಾಲುಸಂಕ ಅದರಲ್ಲಿ ಇಲ್ಲದಿದ್ದರೆ ಯಾರ ಅಪ್ಪಣೆಯೂ ಬೇಡ, ನೀವೇ ಸೇರಿಸಬಹುದು.

ಸೊಸೈಟಿಯ ನಡಾವಳಿ, ದೇವಸ್ಥಾನದ ಲೆಕ್ಕ, ಅಜ್ಜಿಯ ಹಾಡುಗಳು, ಏನನ್ನೇ ಬೆರಳಚ್ಚು ಮಾಡಿಸುವುದಿದ್ದರೂ ಅಂಗಡಿಯವರಿಗೆ ಯೂನಿಕೋಡಿನಲ್ಲೇ ಮಾಡಿ ಎಂದು ಹೇಳಿ. ಮುದ್ರಿಸಿದ ಹಾಳೆಯ ಜೊತೆಗೆ ಕಡತವನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬನ್ನಿ. ನಮ್ಮಲ್ಲಿ ಅದೆಲ್ಲ ಆಗುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗಿ. ನಮಸ್ಕಾರ.